ಬಂದವಳನ್ನು ಬರಿಗೈಲಿ ಕಳಿಸಬೇಡಿ

ಹಳ್ಳಿಯವರಿಗೆ ಅರಿವಿಲ್ಲ, ಅದಕ್ಕೇ ಗರ್ಭಕಂಠದ (ಗರ್ಭಕೋಶದ ಬಾಯಿಯ) ಕ್ಯಾನ್ಸರ್ ತಪಾಸಣೆಗೆ ಬರುವುದಿಲ್ಲ ಎಂಬ ಮಾತನ್ನು ಶಿಬಿರ ನಡೆಸುವವರ ಬಾಯಲ್ಲಿ ಕೇಳಿ ಕೇಳಿ ಸಾಕಾಗಿದೆ. ಸರಿ, ಬಂದವರ ಗತಿ ಏನಾಯಿತು? ಗರ್ಭಕಂಠದ ಜೀವಕೋಶ ತೆಗೆದು ನೋಡುವ ಪ್ಯಾಪ್ ಪರೀಕ್ಷೆಯ ಸ್ಲೈಡ್ ದೂರದ ಪ್ರಯೋಗಾಲಯಕ್ಕೆ ಹೋಗಿ ರಿಪೋರ್ಟ್ ಬರುವಷ್ಟರಲ್ಲಿ ವಾರಗಳು ಉರುಳಿರುತ್ತವೆ. ಪುಸ್ತಕದಲ್ಲಿ ಬರೆದ ಫೋನ್ ನಂಬರ್ ಗಂಡನದೋ ಮಗನದೋ ಆಗಿರುತ್ತದೆ. ಅವರಿಗೆ ವಿಷಯ ಹೇಳುವಂತಿಲ್ಲ, ಹೇಳದೆ ಕರೆಸುವುದೂ ಕಷ್ಟ. ಒಂದು ದಿನದ ದುಡಿಮೆ ಬಿಟ್ಟು ಬಂದಿದ್ದವಳು, ನೋವೇ ಇಲ್ಲದ ತೊಂದರೆಗೆ ಇನ್ನೊಂದು ದಿನ ಬಿಡಬೇಕು. ಜನ ತಪ್ಪಿಹೋಗುವುದು ಈ ಎರಡನೇ ಓಡಾಟದಲ್ಲಿ.

ಅದನ್ನು ತಪ್ಪಿಸಲು ದಾರಿಯಿದೆ. ಶೇ. 3ರಿಂದ 5ರ ಅಸಿಟಿಕ್ ಆಮ್ಲದಲ್ಲಿ ಹತ್ತಿ ಅದ್ದಿ ಗರ್ಭಕಂಠಕ್ಕೆ ಹಚ್ಚಿ, ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಕಾಯಿರಿ. ಹೊರಗೆ ಸಾಲು ಬೆಳೆದಾಗ ಅರ್ಧ ನಿಮಿಷಕ್ಕೇ ನೋಡಿ ‘ನಾರ್ಮಲ್’ ಎಂದು ಬರೆದರೆ, ಬದಲಾದ ಜೀವಕೋಶಗಳಿರುವ ಕಡೆ ಬಿಳಿ ಮಚ್ಚೆ ಮೂಡಲು ಹೊತ್ತೇ ಸಿಕ್ಕಿರುವುದಿಲ್ಲ. ಮಚ್ಚೆ ಪೂರ್ತಿ ಕಾಣುವಂತಿದ್ದು ಥರ್ಮಲ್ ಅಬ್ಲೇಶನ್ನಿಗೆ (ಆ ಭಾಗವನ್ನು ಕಾವಿನಿಂದ ಸುಡುವುದಕ್ಕೆ) ತಕ್ಕದ್ದಾಗಿದ್ದರೆ, ಸುಮಾರು 100 ಡಿಗ್ರಿ ಸೆಲ್ಸಿಯಸ್ ಕಾದ ತುದಿಯನ್ನು 20–30 ಸೆಕೆಂಡ್ ಒತ್ತಿ ಹಿಡಿದು ಅದೇ ದಿನ ಚಿಕಿತ್ಸೆ ಕೊಡಬಹುದು. ಮಚ್ಚೆ ಗರ್ಭಕಂಠದ ಕಾಲುವೆಯೊಳಗೆ ಹಬ್ಬಿದ್ದರೆ ಅಥವಾ ಕ್ಯಾನ್ಸರಿನ ಗುಮಾನಿಯಿದ್ದರೆ ಮಾತ್ರ ಮುಟ್ಟಕೂಡದು, ದೊಡ್ಡ ಆಸ್ಪತ್ರೆಗೇ ಕಳಿಸಬೇಕು. ಮುಟ್ಟು ನಿಂತವರಲ್ಲಿ ನೋಡಬೇಕಾದ ಅಂಚು ಒಳಕ್ಕೆ ಸರಿದಿರುತ್ತದೆ, ಅವರಿಗೆ ಈ ಪರೀಕ್ಷೆ ಹೊಂದುವುದಿಲ್ಲ.

ಎಚ್‌ಪಿವಿ (ಈ ಕ್ಯಾನ್ಸರ್ ತರುವ ವೈರಸ್) ಪರೀಕ್ಷೆ ಇನ್ನೂ ಮೇಲು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯಂತೆ 30ನೇ ವಯಸ್ಸಿನಿಂದ 5–10 ವರ್ಷಕ್ಕೊಮ್ಮೆ ಸಾಕು. ಪರದೆಯ ಹಿಂದೆ ಹೆಂಗಸು ತಾನೇ ಬ್ರಷ್ ಒಳಗಿಟ್ಟು ತಿರುಗಿಸಿ ಕೊಳವೆಗೆ ಹಾಕಿಕೊಡಬಹುದು. ನಾಚಿಕೆ ದೊಡ್ಡ ತಡೆ ಎನ್ನುವವರು ಇದನ್ನೇಕೆ ಕೊಡುವುದಿಲ್ಲವೋ ತಿಳಿಯದು.

ಪಾಸಿಟಿವ್ ಎಂದರೆ ಕ್ಯಾನ್ಸರ್ ಅಲ್ಲ ಎಂಬುದನ್ನು ಮಾದರಿ ತೆಗೆಯುವ ಮೊದಲೇ ಹೇಳಿ. ಆಮೇಲೆ ಹೇಳಿದರೆ ಕಿವಿಗೆ ಬೀಳುವುದು ಕ್ಯಾನ್ಸರ್ ಎಂಬ ಒಂದೇ ಪದ. ವೈರಸ್ ಹೆಚ್ಚಿನವರಲ್ಲಿ ತಾನಾಗಿಯೇ ಹೋಗುತ್ತದೆ. ಉಳಿದುಕೊಂಡರೂ ಕ್ಯಾನ್ಸರಾಗಲು ಸಾಮಾನ್ಯವಾಗಿ 15–20 ವರ್ಷ ಹಿಡಿಯುತ್ತದೆ. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಬೇಗ ಆಗಬಹುದು.

ರಿಪೋರ್ಟ್ ಹೇಳುವ ದಿನವನ್ನೂ ಆಗಲೇ ಗೊತ್ತು ಮಾಡಿ, ಚೀಟಿಯಲ್ಲಿ ಬರೆದುಕೊಡಿ. ಫೋನನ್ನು ಬೇರೆಯವರು ಎತ್ತಿದರೆ ಏನು ಹೇಳಬೇಕೆಂದು ಅವಳನ್ನೇ ಕೇಳಿಕೊಳ್ಳಿ. ಪುಸ್ತಕದಲ್ಲಿ ‘ತಪಾಸಣೆಯಾದ ದಿನ’ದ ಪಕ್ಕ ‘ಚಿಕಿತ್ಸೆಯಾದ ದಿನ’ಕ್ಕೂ ಒಂದು ಕಾಲಂ ಇರಲಿ. ಪಾಸಿಟಿವ್ ಬಂದು ಅದು ಖಾಲಿ ಉಳಿದ ಸಾಲುಗಳಿಗೆ, ಮನೆಗೆ ಹೋಗಿಬರುವ ಕಾರ್ಯಕರ್ತೆಯ ಹೆಸರನ್ನು ಶಿಬಿರದ ದಿನವೇ ಬರೆದಿಡಿ.