ನ್ಯೂಟನ್ ಇರುವಾಗ ಲಗ್ರಾಂಜ್ ಯಾಕೆ?

ಪ್ರಶ್ನೆ: ಬಿಎಸ್ಸಿಯಲ್ಲಿ ಫಿಸಿಕ್ಸ್ ಓದುತ್ತಿದ್ದೇನೆ. ನ್ಯೂಟನ್ ನಿಯಮ ಹಾಕಿ ಲೆಕ್ಕ ಬಿಡಿಸಲು ಬರುತ್ತದೆ. ಮತ್ತೆ ಬಲಗಳ ಬದಲು ಶಕ್ತಿಯ ಲೆಕ್ಕದಿಂದ ಹೋಗುವ ಲಗ್ರಾಂಜ್ ವಿಧಾನ ಯಾಕೆ ಕಲಿಯಬೇಕು?

ಬಾವಿಯ ರಾಟೆ ನೋಡಿದ್ದೀರಲ್ವಾ? ಹಗ್ಗದ ಒಂದು ತುದಿಗೆ 3 ಕೆಜಿ, ಇನ್ನೊಂದು ತುದಿಗೆ 2 ಕೆಜಿ ಕಟ್ಟಿ ಬಿಡಿ. ರಾಟೆಯ ತೂಕ, ಘರ್ಷಣೆ ಸದ್ಯಕ್ಕೆ ಬೇಡ. ವೇಗೋತ್ಕರ್ಷ ಎಷ್ಟು?

ನ್ಯೂಟನ್ ದಾರಿಯಲ್ಲಿ ಎರಡು ಚಿತ್ರ, ಎರಡು ಸಮೀಕರಣ. ಎರಡರಲ್ಲೂ ಹಗ್ಗದ ಟೆನ್ಷನ್, ಅಂದರೆ ಹಗ್ಗ ಎಳೆಯುವ ಬಲ, ಇರುತ್ತದೆ. ಕೂಡಿಸಿದರೆ ಅದು ಹೊಡೆದುಹೋಗುತ್ತದೆ.

ಲಗ್ರಾಂಜ್ ದಾರಿಯಲ್ಲಿ ಟೆನ್ಷನ್ ಬರುವುದೇ ಇಲ್ಲ. ಹಗ್ಗ ಹಿಗ್ಗುವುದಿಲ್ಲವಾದ್ದರಿಂದ ಒಂದು ತುದಿ ಎಷ್ಟು ಇಳಿಯಿತು ಅಂತ ಗೊತ್ತಾದರೆ ಸಾಕು, ಇನ್ನೊಂದು ಅಷ್ಟೇ ಏರಿರುತ್ತದೆ. ಎರಡೂ ಸೇರಿ 5 ಕೆಜಿ, ಹಾಗಾಗಿ ಚಲನಶಕ್ತಿ 2.5 ಗುಣಿಸು ವೇಗದ ವರ್ಗ. 3 ಕೆಜಿ ಪ್ರತಿ ಮೀಟರ್ ಇಳಿದಾಗ 2 ಕೆಜಿ ಅಷ್ಟೇ ಏರುವುದರಿಂದ, ಒಟ್ಟು ಪ್ರಚ್ಛನ್ನ ಶಕ್ತಿ 9.8 ಜೂಲ್ ಕಡಿಮೆಯಾಗುತ್ತದೆ. ಚಲನಶಕ್ತಿಯಲ್ಲಿ ಪ್ರಚ್ಛನ್ನ ಶಕ್ತಿಯನ್ನು ಕಳೆದರೆ ಬರುವುದೇ ಲಗ್ರಾಂಜಿಯನ್. ಅದನ್ನು ಲಗ್ರಾಂಜ್ ಸಮೀಕರಣಕ್ಕೆ ಹಾಕಿದರೆ, 5 ಗುಣಿಸು ವೇಗೋತ್ಕರ್ಷ ಸಮ 9.8. ಉತ್ತರ 1.96 ಮೀಟರ್ ಪ್ರತಿ ಸೆಕೆಂಡ್ ವರ್ಗ.

ಇಷ್ಟು ಸಣ್ಣ ಲೆಕ್ಕಕ್ಕೆ ಯಾವ ದಾರಿಯಾದರೂ ಸರಿ. ಹಗ್ಗ ತಡೆಯುತ್ತದೋ ಇಲ್ಲವೋ ಅಂತ ತಿಳಿಯಬೇಕಾದರೆ ನ್ಯೂಟನ್ ದಾರಿಯೇ ಸಲೀಸು: ಟೆನ್ಷನ್ 23.52 ನ್ಯೂಟನ್. ಆದರೆ ಒಂದು ಲೋಲಕದ ತುದಿಗೆ ಇನ್ನೊಂದು ಲೋಲಕ ತೂಗುಹಾಕಿ ನೋಡಿ. ನ್ಯೂಟನ್ ದಾರಿಯಲ್ಲಿ ಎರಡು ಟೆನ್ಷನ್, ನಾಲ್ಕು ಸಮೀಕರಣ. ಪ್ರತಿ ಬಾಣದ ದಿಕ್ಕನ್ನೂ ಜೋಪಾನವಾಗಿ ನೋಡಬೇಕು. ಲಗ್ರಾಂಜ್‌ಗೆ ಎರಡು ಕೋನ ಸಾಕು, ಎರಡೇ ಸಮೀಕರಣ. 1788ರ ತನ್ನ ಪುಸ್ತಕದಲ್ಲಿ ಒಂದೂ ಚಿತ್ರ ಇಲ್ಲ ಅಂತ ಲಗ್ರಾಂಜ್ ಮುನ್ನುಡಿಯಲ್ಲೇ ಹೇಳಿಕೊಂಡಿದ್ದ. ನೀವು ಮಾತ್ರ ಚಿತ್ರ ಬರೆಯುವುದನ್ನು ಬಿಡಬೇಡಿ. ಯಾವ ಕೋನವನ್ನು ಎಲ್ಲಿಂದ ಅಳೆಯುತ್ತಿದ್ದೇವೆ ಅನ್ನುವುದರಲ್ಲೇ ತಪ್ಪು ಜಾಸ್ತಿ ಆಗುವುದು.

ನನಗೆ ಇದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಸೂರ್ಯನ ಸುತ್ತ ಸುತ್ತುವ ಗ್ರಹದ ಲಗ್ರಾಂಜಿಯನ್ ಬರೆಯಿರಿ. ಅದರಲ್ಲಿ ದೂರ ಇದೆ, ಕೋನ ಬದಲಾಗುವ ವೇಗ ಇದೆ, ಆದರೆ ಕೋನ ಇಲ್ಲ. ಗ್ರಹ ಯಾವ ದಿಕ್ಕಿನಲ್ಲಿದ್ದರೂ ಸೂರ್ಯನ ಸೆಳೆತ ಒಂದೇ ತರ ಅಲ್ವಾ, ಅದಕ್ಕೇ. ಕೋನ ಇಲ್ಲದಿದ್ದರೆ ಕೋನೀಯ ಸಂವೇಗ, ಅಂದರೆ ಸುತ್ತುವ ಚಲನೆಯ ಸಂವೇಗ, ಬದಲಾಗುವುದಿಲ್ಲ. ಸೂರ್ಯನಿಂದ ಗ್ರಹಕ್ಕೆ ಎಳೆದ ಗೆರೆ ಸಮಾನ ಕಾಲದಲ್ಲಿ ಸಮಾನ ವಿಸ್ತೀರ್ಣ ಕ್ರಮಿಸುತ್ತದೆ ಅಂತ ಖಗೋಳಜ್ಞ ಕೆಪ್ಲರ್ 1609ರಲ್ಲಿ ಪ್ರಕಟಿಸಿದ್ದು ಇದನ್ನೇ. ಮಂಗಳ ಗ್ರಹದ ಲೆಕ್ಕದಲ್ಲಿ ವರ್ಷಗಟ್ಟಲೆ ಒದ್ದಾಡಿದ್ದ ಅವನು. ನಿಮ್ಮ ನೋಟ್‌ಬುಕ್ಕಿನಲ್ಲಿ ಅದು ಎರಡು ಸಾಲಿಗೆ ಬರುತ್ತದೆ. ಇವತ್ತು ರಾತ್ರಿಯೇ ಬರೆದು ನೋಡಿ.