ಗುಂಗುರು ನಿಲ್ಲಬೇಕು, ಕೂದಲೂ ಉಳಿಯಬೇಕು

ಒದ್ದೆ ಕೂದಲನ್ನು ಸುತ್ತಿ ಒಣಗಿಸಿದರೆ ಗುಂಗುರಾಗುತ್ತದೆ. ಮತ್ತೆ ನೆನೆದರೆ ಮೊದಲಿನಂತೆಯೇ. ನೀರು ಬಿಡಿಸುವುದು ಜಲಜನಕ ಬಂಧಗಳನ್ನಷ್ಟೇ. ಕೂದಲಿನ ಪ್ರೋಟೀನಾದ ಕೆರಾಟಿನ್‌ನ ಎಳೆಗಳನ್ನು ಬಿಗಿಹಿಡಿದಿರುವುದು ಎರಡು ಗಂಧಕ ಪರಮಾಣುಗಳ ನಡುವಿನ ಡೈಸಲ್ಫೈಡ್ ಕೊಂಡಿ. ಪರ್ಮಿಂಗ್ ಎಂದರೆ ಆ ಕೊಂಡಿಗಳಲ್ಲಿ ಕೆಲವನ್ನು ಬಿಚ್ಚಿ, ಕೂದಲು ರಾಡಿಗೆ ಸುತ್ತಿಕೊಂಡಿರುವಾಗಲೇ ಹೊಸ ಜಾಗದಲ್ಲಿ ಕಟ್ಟುವುದು.

ಜರ್ಮನಿಯ ಕಾರ್ಲ್ ನೆಸ್ಲರ್ 1906ರಲ್ಲಿ ಲಂಡನ್ನಿನಲ್ಲಿ ಇದನ್ನು ಕ್ಷಾರ ಮತ್ತು ಕಾದ ಹಿತ್ತಾಳೆಯ ರಾಡುಗಳಿಂದ ಮಾಡಿ ತೋರಿಸಿದರು. ಗಂಟೆಗಟ್ಟಲೆ ಕೂರಬೇಕಿತ್ತು. ಮುಂದೆ ಅವರ ಹೆಂಡತಿಯಾದ ಕಥರೀನಾ ಅವರ ತಲೆಯ ಮೇಲೆ ನಡೆದ ಆರಂಭದ ಪ್ರಯೋಗಗಳಲ್ಲಿ ಕೂದಲೇ ಸುಟ್ಟುಹೋಗಿತ್ತು.

ಬಿಸಿಯ ಹಂಗು ತಪ್ಪಿಸಿದ್ದು ಪ್ರಯೋಗಾಲಯ. 1934ರಲ್ಲಿ ರಾಕ್‌ಫೆಲರ್ ಸಂಸ್ಥೆಯ ಗೊಡಾರ್ಡ್ ಮತ್ತು ಮೈಕೆಲಿಸ್, ಥಯೋಗ್ಲೈಕಾಲಿಕ್ ಆಮ್ಲ ಕ್ಷಾರೀಯ ದ್ರಾವಣದಲ್ಲಿ ಈ ಕೊಂಡಿಯನ್ನು ಬಿಡಿಸುತ್ತದೆಂದು ತೋರಿಸಿದರು. 1940ರ ದಶಕದಲ್ಲಿ ‘ಕೋಲ್ಡ್ ವೇವ್’ ಪಾರ್ಲರುಗಳಿಗೆ ಬಂತು.

ಆದರೆ ಬಿಸಿ ಹೋದರೂ ಕ್ಷಾರ ಉಳಿಯಿತು. ಕೊಂಡಿ ಬಿಚ್ಚುವುದು ಥಯೋಗ್ಲೈಕಾಲಿಕ್ ಆಮ್ಲದ ಥಯೋಲೇಟ್ ರೂಪ, ಅಂದರೆ ಗಂಧಕದಿಂದ ಹೈಡ್ರೋಜನ್ ಅಯಾನು ಕಳಚಿದ ರೂಪ. ಅದು ಸಾಕಷ್ಟು ಸಿಗಬೇಕಾದರೆ ಅಮೋನಿಯಾ ಬೆರೆಸಿ ಪಿಎಚ್ (ಆಮ್ಲ-ಕ್ಷಾರದ ಅಳತೆ, 7 ತಟಸ್ಥ) ಅನ್ನು 9ರ ಮೇಲೆ ಒಯ್ಯಬೇಕು. ಆ ಕ್ಷಾರಕ್ಕೆ ಕೂದಲು ಉಬ್ಬಿ, ಹೊರಪದರದ ಚಿಪ್ಪುಗಳು ಎದ್ದು ನಿಲ್ಲುತ್ತವೆ. 1970ರ ದಶಕದ ‘ಆಸಿಡ್ ಪರ್ಮ್’ ಅದೇ ಆಮ್ಲದಿಂದಾದ ಗ್ಲಿಸರೈಲ್ ಥಯೋಗ್ಲೈಕೊಲೇಟ್ ಬಳಸಿ ಪಿಎಚ್ ಅನ್ನು 7ರ ಆಸುಪಾಸಿಗೆ ಇಳಿಸಿತು. ಅದಕ್ಕೆ ತೆತ್ತ ಬೆಲೆ: ಡ್ರೈಯರ್ ಬಿಸಿ, ಸಡಿಲ ಗುಂಗುರು, ಕೆಲಸ ಮಾಡುವವರ ಕೈಗೆ ಅಲರ್ಜಿ. ಕೊಂಡಿ ಬಿಚ್ಚುವ ಇನ್ನೊಂದು ರಾಸಾಯನಿಕವಾದ ಸಿಸ್ಟಿಯಮೀನ್ ಕಡಿಮೆ ಕ್ಷಾರದಲ್ಲೂ ಕೆಲಸ ಮಾಡುತ್ತದೆ, ಆದರೆ ಅದರ ವಾಸನೆ ಸುಲಭಕ್ಕೆ ಹೋಗದು. ನಮಗೆ ಹೆಚ್ಚು ಜಾಣತನದ್ದೆನಿಸುವುದು ಇನ್ನೊಂದು ಉಪಾಯ. ಕೊಂಡಿ ಬಿಚ್ಚುವ ಕ್ರಿಯೆ ಹಿಂದಕ್ಕೂ ನಡೆಯುವಂಥದ್ದು. ಕ್ರಿಯೆಯಲ್ಲಿ ಹುಟ್ಟುವ ಡೈಥಯೋಡೈಗ್ಲೈಕೊಲೇಟನ್ನು ಲೋಷನ್ನಿಗೆ ಮೊದಲೇ ಸೇರಿಸಿಟ್ಟರೆ, ಒಂದು ಹಂತದಲ್ಲಿ ಬಿಚ್ಚುವಿಕೆ ತಾನಾಗಿ ತಗ್ಗುತ್ತದೆ. ಹೊತ್ತು ಮೀರಿದರೂ ಕೂದಲು ಅಷ್ಟಾಗಿ ಕರಗದು.

ಲೋಷನ್ ಎಷ್ಟೇ ಮೃದುವಾಗಿರಲಿ, ಕೈಚಳಕ ತಪ್ಪಿದರೆ ಹಾನಿ ಖಂಡಿತ. ಕೂದಲನ್ನು ಎಳೆದು ಬಿಗಿಯಾಗಿ ಸುತ್ತಬಾರದು. ಕೊಂಡಿ ಸಡಿಲವಾದಾಗ ಕೂದಲು ಬೇಗ ತುಂಡಾಗುತ್ತದೆ. ಆಗಾಗ ಒಂದು ರಾಡ್ ಸಡಿಲಿಸಿ ನೋಡಿ, ಅಲೆ ಮೂಡುತ್ತಲೇ ರಾಡುಗಳನ್ನು ತೆಗೆಯದೆ ಸುಮಾರು 5 ನಿಮಿಷ ತೊಳೆಯಬೇಕು. ಆಮೇಲೆ ಟವೆಲಿನಿಂದ ಒತ್ತಿ ನೀರು ಹೀರಿಸಬೇಕು. ನೀರು ಉಳಿದರೆ, ಕೊಂಡಿಗಳನ್ನು ಮತ್ತೆ ಕಟ್ಟಲು ಮುಂದೆ ಹಚ್ಚುವ ನ್ಯೂಟ್ರಲೈಸರ್ ತೆಳುವಾಗಿ ಕೊಂಡಿಗಳು ಬಿಚ್ಚಿದಂತೆಯೇ ಉಳಿಯುತ್ತವೆ. ನ್ಯೂಟ್ರಲೈಸರಿನಲ್ಲಿರುವುದು ಸಾಮಾನ್ಯವಾಗಿ ಸುಮಾರು 2% ಹೈಡ್ರೋಜನ್ ಪೆರಾಕ್ಸೈಡ್, 5ರಿಂದ 10 ನಿಮಿಷ ಸಾಕು. ಅತಿಯಾದರೆ ಗಂಧಕ ಸಿಸ್ಟೀಯಿಕ್ ಆಮ್ಲವಾಗಿಬಿಡುತ್ತದೆ, ಆ ಕೊಂಡಿ ಮತ್ತೆ ಕೂಡದು.

ನಮ್ಮೂರಿನ ಪಾರ್ಲರುಗಳಲ್ಲಿ ಕೂದಲನ್ನು ನೇರವಾಗಿಸುವ ರೀಬಾಂಡಿಂಗ್ ಕೂಡ ಇದೇ ರಸಾಯನ, ರಾಡಿನ ಬದಲು ಇಸ್ತ್ರಿ. ಬ್ಲೀಚ್ ಮಾಡಿದ ಕೂದಲಿಗೂ ಲೋಹದ ಲವಣವಿರುವ ಬಣ್ಣ ಹಚ್ಚಿದ ಕೂದಲಿಗೂ ಪರ್ಮಿಂಗ್, ರೀಬಾಂಡಿಂಗ್ ಎರಡೂ ಬೇಡ: ಬ್ಲೀಚ್ ಮಾಡಿದ್ದರಲ್ಲಿ ಬಿಚ್ಚಲು ಉಳಿದ ಕೊಂಡಿಗಳೇ ಕಡಿಮೆ, ಬಣ್ಣ ಹಚ್ಚಿದ್ದರಲ್ಲಿ ಪೆರಾಕ್ಸೈಡ್ ತಾಗಿದೊಡನೆ ಕೂದಲು ಬಿಸಿಯೇರುತ್ತದೆ.