ಕಥಿ ಊರಂದು, ಸಿನಿಮಾ ಯಾರದು?

ಬೈಲಹೊಂಗಲದಲ್ಲಿ ನಡೆದ ಒಂದು ಕೊಲೆ ಪತ್ತಾರ ಮಾಸ್ತರರ ಕೈಯಲ್ಲಿ ‘ಸಂಗ್ಯಾ ಬಾಳ್ಯಾ’ ಸಣ್ಣಾಟವಾಯಿತು. ಮುಂದೆ ಸಿನಿಮಾನೂ ಆಯಿತು. ಅದಕ್ಕಿಂತ ಹಳೆಯದು ಶ್ರೀಕೃಷ್ಣ ಪಾರಿಜಾತ. ಅಪರಾಳ ತಮ್ಮಣ್ಣ ಬರೆದದ್ದಕ್ಕೆ ಬೆಳಗಾವಿ ಜಿಲ್ಲೆಯ ಕುಲಗೋಡ ತಮ್ಮಣ್ಣ ತನ್ನ ಪದ ಸೇರಿಸಿ ಆಟ ಕಟ್ಟಿದ. ಕದ್ದ ಅಂತ ಯಾರೂ ಅನ್ನಲಿಲ್ಲ. ಸತ್ಯಭಾಮೆಯ ಸಿಟ್ಟು ಎಲ್ಲರಿಗೂ ಗೊತ್ತಿದ್ದದ್ದೇ. ಈ ಮೇಳದವರು ಅದನ್ನ ಹೆಂಗ ಹಾಡತಾರ ಅಂತ ನೋಡಲಿಕ್ಕೆ ಮಂದಿ ಬೆಳತನಕ ಕೂಡುತ್ತಿದ್ದರು. ಕಾಪಿರೈಟ್ ಕಾನೂನು ಸುತ್ತಿ ಬಳಸಿ ಬಂದು ನಿಂತದ್ದೂ ಹೆಚ್ಚುಕಡಿಮೆ ಈ ಜಾಗಕ್ಕೇ.

ಸಿನಿಮಾದ ಜಗಳ ಶುರುವಾದದ್ದು ಅಮೆರಿಕದಲ್ಲಿ. 1907ರಲ್ಲಿ ಅಲ್ಲಿನ ಒಂದು ಕಂಪನಿ ‘ಬೆನ್ ಹರ್’ ಕಾದಂಬರಿಯನ್ನು ಯಾರನ್ನೂ ಕೇಳದೆ ಮೂಕಿಚಿತ್ರ ಮಾಡಿತು. ಪುಸ್ತಕದ ಮಾತು ಒಂದೂ ಇಲ್ಲದ ಬರೀ ಓಡುವ ಚಿತ್ರ ನಕಲು ಹೇಗಾದೀತು? ಆದೀತು, ಕಥೆಯನ್ನು ಆಡಿ ತೋರಿಸಿದರೆ ಅದೂ ನಾಟಕವೇ ಎಂದು 1911ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು.

ನಮ್ಮಲ್ಲಿ 1914ರ ಕಾನೂನು ಬ್ರಿಟಿಷರದ್ದೇ ಅಚ್ಚು. ಅದರಲ್ಲೊಂದು ಸಡಿಲು ಗಂಟು ಇತ್ತು. ಇಲ್ಲಿ ಪ್ರಕಟವಾದ ಕೃತಿಯ ಅನುವಾದದ ಹಕ್ಕು ಹತ್ತೇ ವರ್ಷ. ಅಷ್ಟರೊಳಗೆ ಒಂದು ಭಾಷೆಗೆ ಲೇಖಕನ ಒಪ್ಪಿಗೆಯ ಅನುವಾದ ಬರದಿದ್ದರೆ ಆ ಭಾಷೆಯವರಿಗೆ ಬಾಗಿಲು ತೆರೆದೇ ಇತ್ತು. ಪಕ್ಕದ ಮರಾಠಿಯಿಂದ ಕಾದಂಬರಿ, ನಾಟಕ ಹರಿದು ಬರುತ್ತಿದ್ದ ನಮ್ಮ ಸೀಮೆಗೆ ಇದು ಸಣ್ಣ ಮಾತಲ್ಲ. 1957ರ ಕಾಯ್ದೆಯಲ್ಲಿ ಕೃತಿಯನ್ನು ಸಿನಿಮಾ ಮಾಡುವ ಹಕ್ಕಿಗೆ ಬೇರೆ ಸ್ಥಾನ ಸಿಕ್ಕಿತು. ಕಥೆಯನ್ನು ಮುಖ್ಯವಾಗಿ ಚಿತ್ರಗಳಲ್ಲೇ ಹೇಳುವ ಪುಸ್ತಕವನ್ನೂ ಅದು ರೂಪಾಂತರ ಎಂದೇ ಎಣಿಸುತ್ತದೆ. ಕಾಮಿಕ್ಸ್ ಎಂಬ ಹೆಸರು ಹೇಳಿಲ್ಲ, ಅಷ್ಟೇ.

ಇಷ್ಟಾದರೂ ಲೇಖಕನದು ಅಂದರೆ ಯಾವುದು ಎಂಬುದು ಬಗೆಹರಿದಿರಲಿಲ್ಲ. ಆರ್.ಜಿ. ಆನಂದ್ 1953ರಲ್ಲಿ ‘ಹಮ್ ಹಿಂದೂಸ್ತಾನಿ’ ನಾಟಕ ಬರೆದರು. ಪಂಜಾಬಿ ಮನೆ, ಮದ್ರಾಸಿ ಮನೆ, ನಡುವೆ ಮಕ್ಕಳ ಪ್ರೀತಿ. 1956ರಲ್ಲಿ ‘ನ್ಯೂ ದಿಲ್ಲಿ’ ಎಂಬ ಹಿಂದಿ ಚಿತ್ರ ಬಂತು, ಅದರಲ್ಲೂ ಅದೇ ಎರಡು ಪ್ರಾಂತ್ಯ, ಅದೇ ಪ್ರೀತಿ. ದಾವೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 1978ರಲ್ಲಿ ಮುಗಿಯಿತು. ಆನಂದ್ ಸೋತರು. ಕಲ್ಪನೆ, ವಿಷಯ, ಕಥಾವಸ್ತು, ಇತಿಹಾಸದ ಸಂಗತಿ ಇವು ಯಾರ ಸ್ವತ್ತೂ ಅಲ್ಲ. ಎರಡನ್ನೂ ನೋಡಿದವನಿಗೆ ಇದು ಅದರದೇ ನಕಲು ಎಂದು ಸಂಶಯವಿಲ್ಲದೆ ಅನಿಸಬೇಕು ಎಂದಿತು ಕೋರ್ಟು. ಹಾಗಾಗಿ ಬೆಳಗಾವಿಯ ಕನ್ನಡದ ಹುಡುಗ, ಮರಾಠಿ ಹುಡುಗಿಯ ಕಥೆಯನ್ನು ಹತ್ತು ಮಂದಿ ಸಿನಿಮಾ ಮಾಡಬಹುದು, ಕಿತ್ತೂರಿನ 1824ರ ಯುದ್ಧವನ್ನೂ ಮಾಡಬಹುದು. ಒಬ್ಬ ನಾಟಕಕಾರ ಚನ್ನಮ್ಮನ ಬಾಯಿಗೆ ಇಟ್ಟ ಮಾತನ್ನು ಮಾತ್ರ ಎತ್ತಿಕೊಳ್ಳುವಂತಿಲ್ಲ. ತೀರ್ಪು ಆನಂದರಿಗೆ ಕಠಿಣವಾಯಿತೇನೋ, ನನಗಂತೂ ಸರಿ ಅನಿಸುತ್ತದೆ. ವಸ್ತುವಿಗೇ ಬೇಲಿ ಹಾಕಿದ್ದರೆ ಕುಲಗೋಡ ತಮ್ಮಣ್ಣ ಆಟ ಕಟ್ಟುವುದು ಎಲ್ಲಿಯ ಮಾತು?

ಲೇಖಕರು ನಿಜವಾಗಿ ಪೆಟ್ಟು ತಿನ್ನುವುದು ಕಳವಿನಲ್ಲಿ ಅಷ್ಟಲ್ಲ, ಸಹಿಯಲ್ಲಿ. ಸೂಪರ್‌ಮ್ಯಾನ್ ಸೃಷ್ಟಿಸಿದ ಇಬ್ಬರು ಹುಡುಗರು 1938ರಲ್ಲಿ ಅವನನ್ನು ಕಾಮಿಕ್ಸ್ ಕಂಪನಿಗೆ ಮಾರಿದ್ದು 130 ಡಾಲರಿಗೆ. ಕಾದಂಬರಿಯಿಂದ ಸಿನಿಮಾ ಎಂಬುದು ನಮಗೂ ಹೊಸದಲ್ಲ. ಬೀಳಗಿಯಲ್ಲಿ ಹುಟ್ಟಿದ ಕೃಷ್ಣಮೂರ್ತಿ ಪುರಾಣಿಕರ ‘ಧರ್ಮದೇವತೆ’ 1962ರಲ್ಲೇ ‘ಕರುಣೆಯೇ ಕುಟುಂಬದ ಕಣ್ಣು’ ಆಯಿತು. ಈಗಿನ ಕಾನೂನಿನ ಪ್ರಕಾರ ಹಕ್ಕು ಬರೆದುಕೊಡುವ ಕರಾರು ಲಿಖಿತವಾಗಿರಬೇಕು. ಅವಧಿ ನಮೂದಿಸದಿದ್ದರೆ ಐದು ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ. 2012ರ ತಿದ್ದುಪಡಿ ಇನ್ನೊಂದು ಸೇರಿಸಿತು: ಸಹಿ ಹಾಕಿದಾಗ ಇಲ್ಲದಿದ್ದ ಮಾಧ್ಯಮದ ಹೆಸರು ಕರಾರಿನಲ್ಲಿ ಇಲ್ಲದಿದ್ದರೆ ಅದರ ಹಕ್ಕು ಲೇಖಕನ ಕೈಬಿಟ್ಟು ಹೋಗುವುದಿಲ್ಲ. ಆದರೆ ಐದು ವರ್ಷದ ಆ ನಿಯಮ 1994ರ ತಿದ್ದುಪಡಿ ಜಾರಿಗೆ ಬಂದ ಮೇಲಿನ ಕರಾರುಗಳಿಗೆ ಮಾತ್ರ. ಅದಕ್ಕೂ ಮೊದಲು ಅಪ್ಪನೋ ಅಜ್ಜನೋ ಸಹಿ ಮಾಡಿಟ್ಟ ಕಾಗದ ಟ್ರಂಕಿನಲ್ಲಿದ್ದರೆ ಅದರಲ್ಲಿ ಬರೆದಿರುವ ಒಂದೊಂದು ಸಾಲನ್ನೂ ವಕೀಲರ ಮುಂದೆ ಓದಿಸಬೇಕಾಗುತ್ತದೆ.